ಮಣ್ಣು-ಬೆಳೆ ಪ್ರಶ್ನೋತ್ತರ: ಸಿಲಿಕಾನ್ ಬಾಟ್ಲಿ ಬೇಕಾ, ಹೊಟ್ಟಿನ ಬೂದಿ ಸಾಕಾ?

ಪ್ರಶ್ನೆ: ನಮ್ಮದು ಗಂಗಾವತಿ ಹತ್ರ ಗದ್ದಿ ಐತ್ರಿ, ಸೋನಾ ಮಸೂರಿ ಹಾಕ್ತೀವಿ. ಹೋದ ಮುಂಗಾರಿಗೆ ಬೆಂಕಿ ರೋಗ ಭಾಳ ಬಂದಿತ್ತು. ಗೊಬ್ಬರದ ಅಂಗಡ್ಯಾಗ ಸಿಲಿಕಾನ್ ಅಂತ ಒಂದು ಬಾಟ್ಲಿ ಕೊಡ್ತಾರ, ಇದನ್ನ ಹೊಡದ್ರ ರೋಗ ಬರಂಗಿಲ್ಲ ಅಂತಾರ. ನಮ್ಮ ಹುಡುಗ ನೋಡಿದ್ರ ಮರಳು ಅಂದ್ರನ ಸಿಲಿಕಾ ಅಂತಾನ. ಮಣ್ಣಾಗ ಇರೋದನ್ನ ರೊಕ್ಕ ಕೊಟ್ಟು ಯಾಕ ತರ್ಬೇಕ್ರಿ?

ಉತ್ತರ: ನಿಮ್ಮ ಹುಡುಗ ಹೇಳಿದ್ದು ಅರ್ಧ ಸರಿ ಇದೆ ಸರ್. ಸಿಲಿಕಾ ಅಂದ್ರೆ ಸಿಲಿಕಾನ್, ಆಮ್ಲಜನಕ ಸೇರಿ ಆಗಿದ್ದು. ಭೂಮಿಯ ಹೊರಪದರದಲ್ಲಿ ಆಮ್ಲಜನಕ ಬಿಟ್ರೆ ಜಾಸ್ತಿ ಇರೋದೇ ಸಿಲಿಕಾನ್, ತೂಕದ ಲೆಕ್ಕದಲ್ಲಿ ಸುಮಾರು ಶೇ. 28. ಆದ್ರೆ ಬೇರು ಎಳ್ಕೊಳ್ಳೋದು ನೀರಲ್ಲಿ ಕರಗಿರೋ ಸಿಲಿಸಿಕ್ ಆಮ್ಲವನ್ನ ಮಾತ್ರ, ಮರಳು ಕರಗೋದು ಲೀಟರಿಗೆ 10 ಮಿಲಿಗ್ರಾಂ ಆಸುಪಾಸು, ಅದೂ ತುಂಬಾ ನಿಧಾನ. ಭತ್ತದ ಹುಲ್ಲು, ಹೊಟ್ಟಲ್ಲಿರೋ ಸಿಲಿಕಾ ಹರಳುಗಟ್ಟಿರಲ್ಲ, ಹಾಗಾಗಿ ಅದು 100 ಮಿಲಿಗ್ರಾಂ ದಾಟಿ ಕರಗುತ್ತೆ.

ಭತ್ತಕ್ಕೆ ಇದ್ರ ಹಸಿವು ಜಾಸ್ತಿ, ಗಿಡದ ಒಣ ತೂಕದಲ್ಲಿ ಶೇ. 10ರ ತನಕ ಸಿಲಿಕಾನ್ ಸೇರ್ಕೊಳ್ಳುತ್ತೆ. ಬೇರಿನ ಜೀವಕೋಶದಲ್ಲಿ ಇದನ್ನ ಒಳಗೆ ಬಿಟ್ಕೊಳ್ಳೋಕೇ ಅಂತ ಒಂದು ಪ್ರೋಟೀನ್ ಇದೆ, ಅದ್ರ ಜೀನನ್ನ ಜಪಾನಿನ ವಿಜ್ಞಾನಿಗಳು 2006ರಲ್ಲಿ ಪತ್ತೆ ಮಾಡಿ ಎಲ್‌ಎಸ್‌ಐ1 ಅಂತ ಹೆಸರಿಟ್ರು. ಜಪಾನಲ್ಲಿ ಸಿಲಿಕೇಟನ್ನ ಭತ್ತದ ಗೊಬ್ಬರ ಅಂತ ಒಪ್ಕೊಂಡಿದ್ದೇ 1955ರಲ್ಲಿ, ನಾವಿನ್ನೂ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಶ್) ಬಿಟ್ಟು ಆಚೆ ನೋಡೋದು ಕಮ್ಮಿ.

ಗದ್ದೆಗೆ ಇಳಿದಾಗ ಬಲಿತ ಗರಿ ಒಂದನ್ನ ಹಿಡಿದು ಅದ್ರ ಅಂಚನ್ನ ತುದಿಯಿಂದ ಬುಡದ ಕಡೆಗೆ ಮೆಲ್ಲಗೆ ಸವರಿ ನೋಡಿ, ಬೆರಳಿಗೆ ಗರಗರ ಅಂತ ತಾಗುತ್ತೆ, ಕಳೆ ತೆಗೆದವರ ಕೈಯೆಲ್ಲ ಗೀರಾಗೋದು ಅದಕ್ಕೇ, ಅಂಚಲ್ಲಿರೋ ಮುಳ್ಳುಗೂದಲಲ್ಲಿ ಸಿಲಿಕಾ ತುಂಬಿರುತ್ತೆ. ಎಲೆಯ ಮೇಲ್ಪೊರೆ ಕೆಳಗೂ ಇದೇ ಒಂದು ಪದರ ಕಟ್ಟುತ್ತೆ. ಬೆಂಕಿ ರೋಗದ ಶಿಲೀಂಧ್ರ ಎಲೆ ಚುಚ್ಚಿಕೊಂಡೇ ಒಳಗೆ ಹೋಗ್ಬೇಕು, ಅಲ್ಲಿ ಅದಕ್ಕೆ ತಡೆ ಬೀಳುತ್ತೆ, ಜೊತೆಗೆ ಗಿಡ ತನ್ನದೇ ರಕ್ಷಣೆ ಶುರು ಮಾಡೋದೂ ಬೇಗ ಆಗುತ್ತೆ. ಕಾಂಡ ಕೊರಕದ ಮರಿಹುಳಕ್ಕೆ ಹಲ್ಲು ಸವೆಯುತ್ತೆ. ಕಾಂಡ ಗಟ್ಟಿ ಆದ್ರೆ ಗಾಳಿ ಮಳೆಗೆ ಬೆಳೆ ಮಲಗೋದೂ ಕಮ್ಮಿ.

ಈಗ ಬಾಟ್ಲಿ ಲೆಕ್ಕಕ್ಕೆ ಬನ್ನಿ. ಎಕರೆಗೆ 20 ಕ್ವಿಂಟಲ್ ಭತ್ತ ಬಂದ್ರೆ ಹುಲ್ಲು ಕಾಳು ಎಲ್ಲಾ ಸೇರಿ ಸುಮಾರು 90ರಿಂದ 190 ಕೆಜಿ ಸಿಲಿಕಾನ್ ಗದ್ದೆಯಿಂದ ಎತ್ಕೊಂಡು ಹೋಗಿರುತ್ತೆ. ಶೇ. 2ರ ಸಿಲಿಸಿಕ್ ಆಮ್ಲದ 1 ಲೀಟರ್ ಬಾಟ್ಲಿಯಲ್ಲಿ ಇರೋದು 20 ಗ್ರಾಂ ಆಮ್ಲ! ಸಿಂಪಡಣೆ ವೇಸ್ಟ್ ಅಂತ ನಾನು ಹೇಳ್ತಿಲ್ಲ, ಎಲೆ ಮೇಲೆ ಹೊಡೆದಾಗ ರೋಗ ಸ್ವಲ್ಪ ತಗ್ಗಿದ ಪ್ರಯೋಗಗಳಿವೆ, ಆದ್ರೆ ಮಣ್ಣಿಂದ ಹೋಗಿದ್ದನ್ನ ಅದು ತುಂಬಲ್ಲ, "ರೋಗ ಬರಂಗಿಲ್ಲ" ಅನ್ನೋ ಗ್ಯಾರಂಟಿಯಂತೂ ಯಾರೂ ಕೊಡೋಕಾಗಲ್ಲ.

ನಿಮ್ಮೂರ ಸುತ್ತ ರೈಸ್ ಮಿಲ್ಲುಗಳಿಗೆ ಬರ ಇಲ್ಲ, ಬಾಯ್ಲರ್ ಹಿಂದೆ ಹೊಟ್ಟಿನ ಬೂದಿ ಗುಡ್ಡೆ ಬಿದ್ದಿರುತ್ತೆ. ಕಪ್ಪು-ಬೂದು ಬಣ್ಣದ್ದನ್ನ ಆರಿಸ್ಕೊಳ್ಳಿ. ಭಾರೀ ಕಾವಲ್ಲಿ ಬೆಂದು ಹರಳುಗಟ್ಟಿದ ಬೂದಿ ಬೇಗ ಕರಗಲ್ಲ. ಸಸಿಮಡಿಗೆ ಚದರ ಮೀಟರಿಗೆ ಅರ್ಧದಿಂದ 1 ಕೆಜಿ, ಗದ್ದೆಗಾದ್ರೆ ಎಕರೆಗೆ 8 ಕ್ವಿಂಟಲ್‌ವರೆಗೆ, ನಾಟಿಗೆ ಮುಂಚೆ ಮಣ್ಣಿಗೆ ಸೇರಿಸಿ. ಒಣ ಬೂದಿ ಎರಚುವಾಗ ಮೂಗಿಗೆ ಬಟ್ಟೆ ಕಟ್ಟಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಹುಲ್ಲನ್ನ ಪೂರ್ತಿ ಮಾರೋ ಬದ್ಲು ಒಂದಷ್ಟನ್ನ ಅಲ್ಲೇ ಕೊಳೆಸಿದ್ರೆ ಇನ್ನೂ ಒಳ್ಳೇದು.

ಇನ್ನೊಂದು ಮಾತು, ಕೇಳಿ ಬೇಜಾರಾಗ್ಬೇಡಿ. ಎರೆ (ಕಪ್ಪು) ಮಣ್ಣಲ್ಲಿ ಕರಗೋ ಸಿಲಿಕಾನ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ, ನಿಮ್ಮ ಕಡೆ ಬೆಂಕಿ ರೋಗಕ್ಕೆ ನನಗೆ ಮೊದಲ ಅನುಮಾನ ಯೂರಿಯಾ ಮೇಲೇ. ಸಾರಜನಕ ಹೆಚ್ಚಾದ್ರೆ ಗರಿ ಮೆತ್ತಗಾಗಿ ಬಾಗುತ್ತೆ, ಅದ್ರಲ್ಲಿ ಸಿಲಿಕಾನ್ ಪಾಲೂ ಇಳಿಯುತ್ತೆ. ಮೊದ್ಲು ಯೂರಿಯಾ ಕಮ್ಮಿ ಮಾಡಿ, ಕಂತಲ್ಲಿ ಕೊಡಿ. ನೆಲ ಚೌಳಾಗಿದ್ರೆ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ, ಮಣ್ಣು ಟೆಸ್ಟ್ ಮಾಡಿಸದೆ ಬೂದಿ ಸುರೀಬೇಡಿ.

ಪ್ರಶ್ನೆ: ನಮ್ಮದು ಉಡುಪಿ ಕಡೆ ಮುರಕಲ್ಲಿನ ಜಾಗ, ಗದ್ದೆ ನೀರಲ್ಲಿ ಕೆಂಪು ಕೆನೆ ಕಟ್ತದೆ, ಭತ್ತದ ಎಲೆ ಕಂದಾಗ್ತದೆ. ಉಮಿ (ಹೊಟ್ಟಿನ) ಬೂದಿ ಹಾಕಿದ್ರೆ ಏನಾದ್ರೂ ಪ್ರಯೋಜನ ಉಂಟಾ?

ಉತ್ತರ: ಉಂಟು, ಗಂಗಾವತಿಯವರಿಗಿಂತ ನಿಮಗೇ ಜಾಸ್ತಿ. ಲಕ್ಷಾಂತರ ವರ್ಷದ ಮಳೆ ಸಿಲಿಕಾನನ್ನ ತೊಳ್ಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಿದ್ದೇ ನಿಮ್ಮ ಮುರಕಲ್ಲು. ನೀವು ಬರೆದ ಲಕ್ಷಣ ಕಬ್ಬಿಣದ ನಂಜಿನ ಥರ ಕಾಣುತ್ತೆ. ಸಿಲಿಕಾನ್ ಸಾಕಷ್ಟು ಸಿಕ್ಕಿದ ಭತ್ತ ಬೇರಿನ ಮೂಲಕ ಆಮ್ಲಜನಕ ಚೆನ್ನಾಗಿ ಹೊರಗೆ ಬಿಡುತ್ತೆ, ಕರಗಿದ ಕಬ್ಬಿಣ ಬೇರಿನ ಹೊರಗೇ ತುಕ್ಕಾಗಿ ಕೂರುತ್ತೆ. ಉಮಿ ಬೂದಿ ಜೊತೆಗೆ ಸುಣ್ಣ ಹಾಕಿ, ಕ್ಯಾಲ್ಸಿಯಂ ಸಿಲಿಕೇಟ್ ಸಿಕ್ಕಿದ್ರೆ ಎರಡೂ ಕೆಲಸ ಒಂದರಲ್ಲೇ ಆಗುತ್ತೆ, ಹುಳಿ ಮಣ್ಣೂ ಸರಿಹೋಗುತ್ತೆ. ಮಧ್ಯೆ ಒಮ್ಮೆ ನೀರು ಬಸಿದು ಗದ್ದೆ ಆರೋಕೆ ಬಿಡಿ, ಅದಿಲ್ದೆ ಬರೀ ಬೂದಿಯಿಂದ ಆಗಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ಟೆರೇಸ್ ಗಾರ್ಡನ್ ಇದೆ ಮೇಡಂ. ಟೊಮೇಟೊ, ಸೌತೆಕಾಯಿಗೆ ಪೊಟ್ಯಾಶಿಯಂ ಸಿಲಿಕೇಟ್ ಆನ್‌ಲೈನಲ್ಲಿ ತರಿಸ್ಲಾ?

ಉತ್ತರ: ಟೊಮೇಟೊಗೆ ಬೇಡ, ಅದ್ರ ಬೇರು ಸಿಲಿಕಾನನ್ನ ಹೆಚ್ಚೇನೂ ಒಳಗೆ ಬಿಟ್ಕೊಳ್ಳಲ್ಲ. ಸೌತೆ ತಗೊಳ್ಳುತ್ತೆ, ಎಲೆ ಮೇಲೆ ಬಿಳಿ ಬೂದಿ ರೋಗ ಕಾಟ ಕೊಡ್ತಿದ್ರೆ ಟ್ರೈ ಮಾಡಿ, ರೋಗ ಹತ್ತೋಕೆ ಮುಂಚೆಯೇ ಶುರು ಮಾಡ್ಬೇಕು. ದ್ರಾವಣ ತುಂಬಾ ಕ್ಷಾರ ಇರುತ್ತೆ, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಲ್ಲಿ ತಿಳಿ ಮಾಡಿ ಒಂದು ಗಿಡಕ್ಕೆ ಹೊಡೆದು ನೋಡಿ, ಬೇರೆ ಗೊಬ್ಬರ ಔಷಧಿ ಜೊತೆ ಒಂದೇ ಬಕೆಟ್ಟಲ್ಲಿ ಕಲಸ್ಬೇಡಿ, ಗಟ್ಟಿಯಾಗಿ ಸ್ಪ್ರೇಯರ್ ನಳಿಕೆ ಕಟ್ಕೊಳ್ಳುತ್ತೆ.