ಹಗಲು ಒಳಕೋಣೆ, ರಾತ್ರಿ ಕ್ಯಾಂಪ್‌ಫೈರ್

ಪ್ರಶ್ನೆ: ನಾನು ಯಲ್ಲಾಪುರ ತಾಲ್ಲೂಕಿನ ಸಿದ್ದಿ ಸಮುದಾಯದವಳು. ವಯಸ್ಸು 24. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ದಾಂಡೇಲಿ ಕಡೆಯ ಒಂದು ರೆಸಾರ್ಟ್‌ನಲ್ಲಿದ್ದೇನೆ. ರಿಸೆಪ್ಶನ್‌ಗೆಂದು ಸೇರಿಸಿಕೊಂಡವರು ಆರೇ ತಿಂಗಳಲ್ಲಿ, "ಗೆಸ್ಟ್‌ಗಳು ಯಾವ ದೇಶದವಳು ಎಂದು ಕೇಳುತ್ತಾರೆ" ಎಂದು ಹೌಸ್‌ಕೀಪಿಂಗ್‌ಗೆ ಹಾಕಿದರು. ಶನಿವಾರ ರಾತ್ರಿ ಮಾತ್ರ ಸೊಂಟಕ್ಕೆ ಸೊಪ್ಪು ಕಟ್ಟಿಸಿ, ಮುಖಕ್ಕೆ ಬಿಳಿ ಬಣ್ಣ ಬಳಿಸಿ ಕ್ಯಾಂಪ್‌ಫೈರ್ ಮುಂದೆ ಕುಣಿಯಲು ಕರೆಯುತ್ತಾರೆ. ನಮ್ಮ ಅಜ್ಜಿ ನಮ್ಮವರ ಡೋಲು ಡಮಾಮಿಯ ಬಡಿತಕ್ಕೆ ಕುಣಿದದ್ದು ಸೀರೆಯುಟ್ಟೇ. ಕಳೆದ ತಿಂಗಳು ಒಬ್ಬ ಗೆಸ್ಟ್ ಎಲ್ಲರೆದುರು ನನ್ನ ಕೂದಲಿಗೆ ಕೈಹಾಕಿ, ಸೊಂಟ ಹಿಡಿದು ಫೋಟೊ ತೆಗೆಸಿಕೊಂಡು, ನನ್ನ ಬಣ್ಣವನ್ನೂ ಜನಾಂಗವನ್ನೂ ಹೀಯಾಳಿಸಿದ. ಮ್ಯಾನೇಜರ್‌ಗೆ ಹೇಳಿದರೆ, "ಟಿಪ್ಸ್ ಕೊಟ್ಟಿದ್ದಾರಲ್ಲ" ಎಂದರು. ಅಣ್ಣ ಬಿಟ್ಟು ಬಾ ಎನ್ನುತ್ತಾನೆ. ಮಳೆಗಾಲ ಹತ್ತಿರ ಬಂತು, ಸಂಬಳ ಕಳೆದುಕೊಳ್ಳಬೇಡ ಎಂಬುದು ಅಮ್ಮನ ಮಾತು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹಗಲಿನಲ್ಲಿ ಗಿರಾಕಿಯ ಕಣ್ಣಿಗೆ ಬೀಳಬಾರದೆಂದು ಒಳಕೋಣೆಗೆ ಸರಿಸಿದ ಅದೇ ಮೈಬಣ್ಣವನ್ನು ರಾತ್ರಿ ಬೆಂಕಿಯ ಬೆಳಕಿನಲ್ಲಿ ನಿಲ್ಲಿಸಿ ದುಡ್ಡು ಮಾಡಿಕೊಳ್ಳುವುದು ಎಂಥ ಅನ್ಯಾಯ ಎಂಬುದನ್ನು ನೀವು ಒಂದು ಸೊಪ್ಪಿನ ಎಳೆ ಮತ್ತು ಅಜ್ಜಿಯ ಸೀರೆಯ ಮೂಲಕ ಹೇಳಿಬಿಟ್ಟಿದ್ದೀರಿ. ಕುಣಿತದಲ್ಲಿ ಅವಮಾನವಿಲ್ಲ. ಡಮಾಮಿ ಕುಣಿತ ನಿಮ್ಮ ಮನೆಯಂಗಳದ್ದು. ಅದನ್ನು ಯಾರೆದುರು, ಯಾವ ಉಡುಪಿನಲ್ಲಿ, ಎಷ್ಟು ಸಂಭಾವನೆಗೆ ಕುಣಿಯಬೇಕೆಂಬುದನ್ನು ನೀವೇ ನಿರ್ಧರಿಸಬೇಕು. ಸಿದ್ದಿಗಳ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮೊಮ್ಮಗಳು ನೀವು. ತಲೆತಲಾಂತರದಿಂದ ಇದೇ ಮಣ್ಣಿನವರಾದ ನಿಮಗೆ "ಯಾವ ದೇಶ" ಎಂಬ ಪ್ರಶ್ನೆ ಎದುರಾದರೆ ಉತ್ತರಿಸಬೇಕಾದದ್ದು ಆಡಳಿತದವರು. ಅವರು ಅದರ ಬದಲಿಗೆ ನಿಮ್ಮನ್ನೇ ಮರೆಮಾಡಿದರು.

ಇದರಲ್ಲಿ ಬಣ್ಣ ಮತ್ತು ಹೆಣ್ತನ ಎರಡೂ ಹೆಣೆದುಕೊಂಡಿವೆ. ನಿಮ್ಮ ಅಣ್ಣನಿಗಾದರೆ ಕಾಳಿ ನದಿಯ ರಾಫ್ಟಿಂಗ್‌ನಲ್ಲಿ ಹುಟ್ಟು ಹಾಕುವ ಕೆಲಸ ಸಿಕ್ಕೀತು. ಬೆಳ್ಳಗಿನ ಹುಡುಗಿಗಾದರೆ ಕೌಂಟರ್ ಸಿಕ್ಕೀತು. ನಿಮಗೆ ಉಳಿದದ್ದು ಬೆಡ್‌ಶೀಟ್ ಮತ್ತು ಸೊಪ್ಪು. ಪ್ರವಾಸಿಗರನ್ನೇ ನಂಬಿಕೊಂಡ ಊರಿನಲ್ಲಿ ಇದರ ವಿರುದ್ಧ ದನಿ ಎತ್ತುವುದು ಇನ್ನೂ ಕಷ್ಟ, ಏಕೆಂದರೆ ಮಾಲೀಕರು ಒಬ್ಬರಿಗೊಬ್ಬರು ಪರಿಚಯದವರು, ಕೆಲಸ ಸೀಸನ್ನಿನದು, ನೇಮಕಾತಿ ಪತ್ರವೂ ಅನೇಕರ ಕೈಯಲ್ಲಿರುವುದಿಲ್ಲ. ಆದ್ದರಿಂದ ಅಮ್ಮನ ಭಯವನ್ನು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕಬೇಡಿ.

ಆದರೂ ದೂರನ್ನು ಕಾಗದದ ಮೇಲೆ ಇಡದೆ ಕೆಲಸ ಬಿಡಬೇಡಿ ಎಂಬುದೇ ನನ್ನ ಸಲಹೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ, ಹೊರಗಿನಿಂದ ಬಂದವರಿಂದಲೂ ನೌಕರಳನ್ನು ರಕ್ಷಿಸುವ ಹೊಣೆ ಮಾಲೀಕರದ್ದೇ. ಟಿಪ್ಸ್ ಕೊಟ್ಟ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಜಾಗದಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅಷ್ಟು ಮಂದಿ ಇಲ್ಲದಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬಹುದು. ಘಟನೆ ನಡೆದು ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ನಿಮಗೆ ಇನ್ನೂ ಸಮಯವಿದೆ.

ಎರಡನೆಯ ದಾರಿಯನ್ನು ಬಹಳ ಮಂದಿ ಮರೆಯುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದವರು. ಆ ಗೆಸ್ಟ್ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರದವನಾಗಿದ್ದರೆ, ನಾಲ್ಕು ಜನರ ಎದುರು ಬೇಕೆಂದೇ ನಿಮ್ಮ ಪಂಗಡವನ್ನು ಹಿಡಿದು ಅವಮಾನಿಸಿದ್ದು, ಒಪ್ಪಿಗೆಯಿಲ್ಲದೆ ಲೈಂಗಿಕ ರೀತಿಯಲ್ಲಿ ಮೈಮುಟ್ಟಿದ್ದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವಾಗಬಹುದು. ಅವನು ಆಡಿದ ಮಾತುಗಳನ್ನು ಒಂದಕ್ಷರ ಬದಲಿಸದೆ ಬರೆದಿಡಿ. ಜಾತಿ ಪ್ರಮಾಣಪತ್ರ ಕೈಯಲ್ಲಿರಲಿ. ವಕೀಲರ ಖರ್ಚಿಗೆ ಹೆದರಬೇಡಿ. ಮಹಿಳೆಯಾಗಿಯೂ ಪರಿಶಿಷ್ಟ ಪಂಗಡದವರಾಗಿಯೂ, ಆದಾಯದ ಮಿತಿಯಿಲ್ಲದೆ, ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ನಿಮಗಿದೆ. ಕಾರವಾರದ ಜಿಲ್ಲಾ ಪ್ರಾಧಿಕಾರವನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಕೌಂಟರ್ ಕೆಲಸ ಕಿತ್ತುಕೊಂಡ ವಿಷಯದಲ್ಲಿ ಮಾತ್ರ ಸುಳ್ಳು ಭರವಸೆ ಕೊಡಲಾರೆ. ಜನಾಂಗ ನೋಡಿ ನಿಮ್ಮನ್ನು ಗಿರಾಕಿಯಾಗಿ ಒಳಗೆ ಬಿಡದಿದ್ದರೆ ಪ್ರಶ್ನಿಸಲು ಸಂವಿಧಾನದ 15ನೆಯ ವಿಧಿ ಇದೆ. ಉದ್ಯೋಗದ ಸಮಾನತೆ ಹೇಳುವ 16ನೆಯ ವಿಧಿ ಸರ್ಕಾರಿ ಕೆಲಸಕ್ಕಷ್ಟೇ ಅನ್ವಯ. ಈ ಕೊರತೆ ನನಗೆ ನೋವು ತರುತ್ತದೆ. ಹಾಗಿದ್ದರೂ ನಿಮ್ಮನ್ನು ಏಕೆ ಬದಲಿಸಿದರೆಂದು ಮಿಂಚಂಚೆಯಲ್ಲಿ ಕೇಳಿ. ಉತ್ತರ ಬಂದರೆ ಅದು ದಾಖಲೆ, ಬಾರದಿದ್ದರೆ ಆ ಮೌನವೂ ನಿಮ್ಮ ದೂರಿಗೆ ಒದಗುತ್ತದೆ.

ಶನಿವಾರದ ಕುಣಿತಕ್ಕೆ ಇನ್ನು ಬರುವುದಿಲ್ಲವೆಂದು, ಬೇಕಾದರೆ ಡಿಪ್ಲೊಮಾದ ಪ್ರತಿಯನ್ನೂ ಲಗತ್ತಿಸಿ, ಈ ವಾರವೇ ಬರೆದು ತಿಳಿಸಿ. ಅಂದು ರಾತ್ರಿ ನಿಮ್ಮ ಪಕ್ಕದಲ್ಲಿದ್ದ ಗೆಳತಿಯರು ಏನು ಕಂಡರೆಂಬುದನ್ನು ಈಗಲೇ ಬರೆಸಿಕೊಳ್ಳಿ. ಮಳೆ ಹಿಡಿದು ರಾಫ್ಟಿಂಗ್ ನಿಂತರೆ ಅವರು ಒಬ್ಬೊಬ್ಬರು ಒಂದೊಂದು ಊರಿಗೆ ಹೋಗಿಬಿಡುತ್ತಾರೆ. ಎಲ್ಲದರ ಒಂದು ಪ್ರತಿಯನ್ನು ಅಣ್ಣನ ಕೈಯಲ್ಲಿಡಿ, ದೂರು ಕೊಡಲು ಹೋಗುವಾಗ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ.