ಸಾಕ್ರಟೀಸನ ಚೌಕ, ಮೊಮ್ಮಗನ ಮೊಬೈಲು

ಮಂಡ್ಯದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ಬಿ.ಎ. ಓದುವ ಮೊಮ್ಮಗ ಸಾಕ್ರಟೀಸ್, ಪ್ಲೇಟೋ ಎಲ್ಲರನ್ನೂ ಯೂಟ್ಯೂಬಿನಲ್ಲೇ ಮುಗಿಸುತ್ತಿದ್ದಾನೆ, ಅದೂ ಇಂಗ್ಲಿಷಿನಲ್ಲಿ. ಪುಸ್ತಕ ಕೊಟ್ಟರೆ ಮುಟ್ಟುವುದಿಲ್ಲ. ಊಟ ಮಾಡುತ್ತಾ ನೋಡುವ ತತ್ವಶಾಸ್ತ್ರಕ್ಕೆ ಏನು ಬೆಲೆ? ವಿಡಿಯೋ ತಿರುಗಿ ಉತ್ತರ ಕೊಡುತ್ತದೆಯೇ? ನೀವಾದರೂ ಇದನ್ನು ಖಂಡಿಸಿ.'

ಮೇಷ್ಟ್ರೇ, ಖಂಡಿಸಬೇಕಾದ್ದು ಇದೆ, ಒಪ್ಪಿದೆ. ರೋಮಿನ ಚಕ್ರವರ್ತಿ, ತತ್ವಜ್ಞಾನಿ ಮಾರ್ಕಸ್ ಆರೇಲಿಯಸನ ಅಮೃತಶಿಲೆಯ ಮುಖ ತೋರಿಸಿ, ಎದೆ ನಡುಗುವ ಹಾಗೆ ಸಂಗೀತ ಬಾರಿಸಿ, ಬೆಳಿಗ್ಗೆ ಐದಕ್ಕೆ ಎದ್ದರೆ ಕೋಟ್ಯಧಿಪತಿ ಆಗುತ್ತೀರಿ ಎನ್ನುವವರನ್ನು ನಾನೂ ನೋಡಿದ್ದೇನೆ. (ಹಾಸಿಗೆ ಬಿಟ್ಟೇಳುವ ಕಷ್ಟವನ್ನು ಆ ಚಕ್ರವರ್ತಿ ಬರೆದಿರುವುದು ನಿಜ. ಆದರೆ ಪಾಪ, ಅದು ತನಗೆ ತಾನೇ ಹೇಳಿಕೊಂಡದ್ದು.) ಅಂಥವರನ್ನು ಅತ್ತ ಬಿಡಿ.

ಮಿಕ್ಕವರ ಮೇಲೆ ನಿಮಗೇಕೆ ಸಿಟ್ಟು? ಸಾಕ್ರಟೀಸ್ ಒಂದು ಗ್ರಂಥವನ್ನೂ ಬರೆದಿಟ್ಟವನಲ್ಲ. ಅಥೆನ್ಸಿನ ಪೇಟೆಯಲ್ಲಿ ನಿಂತು ಸಿಕ್ಕವರ ಜೊತೆ ಮಾತಾಡಿದ, ಕ್ರಿ.ಪೂ. 399ರಲ್ಲಿ ವಿಷ ಕುಡಿಯಬೇಕಾಗಿ ಬಂತು. ಇನ್ನೊಬ್ಬ ಗ್ರೀಕ್ ತತ್ವಜ್ಞಾನಿ ಎಪಿಕ್ಟೆಟಸನ ಮಾತು ಉಳಿದದ್ದು ಶಿಷ್ಯ ಆರಿಯನ್ ಬರೆದಿಟ್ಟುಕೊಂಡಿದ್ದರಿಂದ. ಇನ್ನು ತಿರುಗಿ ಉತ್ತರ ಕೊಡದ ವಿಷಯ: ಬರಹದ ಮೇಲೆ ಇದೇ ದೂರನ್ನು ಶಿಷ್ಯ ಪ್ಲೇಟೋ ತಾನು ಬರೆದ 'ಫೀಡ್ರಸ್' ಸಂವಾದದಲ್ಲಿ ಸಾಕ್ರಟೀಸನ ಬಾಯಲ್ಲಿ ಹೇಳಿಸಿದ್ದಾನೆ. ನೀವು ಕೊಟ್ಟ ಪುಸ್ತಕವೂ ಆ ದೂರಿನಿಂದ ತಪ್ಪಿಸಿಕೊಳ್ಳುವಂತಿಲ್ಲ.

ನೀವು ಗಣಿತದವರು, ಪ್ಲೇಟೋ ಬರೆದ 'ಮೆನೋ' ಸಂವಾದದ ಚೌಕವನ್ನೇ ತೆಗೆದುಕೊಳ್ಳಿ. ಎರಡಡಿ ಬಾಹುವಿನ ಚೌಕ, ವಿಸ್ತೀರ್ಣ 4. ಇದರ ಎರಡರಷ್ಟು ವಿಸ್ತೀರ್ಣ ಬೇಕಾದರೆ ಬಾಹು ಎಷ್ಟಿರಬೇಕು? ಸಾಕ್ರಟೀಸ್ ಕೇಳುವುದು ರೇಖಾಗಣಿತ ಕಲಿಯದ ಒಬ್ಬ ಗುಲಾಮ ಹುಡುಗನನ್ನು. ಹುಡುಗ ಹಿಂದೆಮುಂದೆ ನೋಡದೆ ನಾಲ್ಕಡಿ ಎನ್ನುತ್ತಾನೆ. ಗೆರೆ ಎಳೆದರೆ 16! ಹಾಗಾದರೆ ಮೂರಡಿ? 9 ಆಯಿತು. ಬೇಕಾದ್ದು 8. ದೇವರಾಣೆ ಗೊತ್ತಿಲ್ಲ ಎಂದು ಹುಡುಗ ಕೈಚೆಲ್ಲುತ್ತಾನೆ. ಆಮೇಲೆ ಮೊದಲ ಚೌಕಕ್ಕೆ ಕರ್ಣ ಎಳೆದು, ಆ ಕರ್ಣದ ಮೇಲೆ ಇನ್ನೊಂದು ಚೌಕ ಕಟ್ಟಿದರೆ ಸರಿಯಾಗಿ 8. ಅಚ್ಚಾದ ಪುಟದಲ್ಲಿ ಇದನ್ನು ಓದಿ ನೋಡಿ. 'ಈ ಗೆರೆ', 'ಆ ಮೂಲೆ' ಎನ್ನುವಾಗ ಯಾವುದು ಎಲ್ಲಿಂದ ಎಲ್ಲಿಗೆ ಎಂದು ತಲೆ ಕೆಟ್ಟುಹೋಗುತ್ತದೆ. ವಿಡಿಯೋದಲ್ಲಿ ಗೆರೆ ಕಣ್ಣೆದುರೇ ಮೂಡುತ್ತದೆ. ಬಲ್ಲವರು ಮಾಡಿದ್ದಾದರೆ 'ನಾಲ್ಕಡಿ' ಎಂದ ಮೇಲೆ ಒಂದು ಗಳಿಗೆ ಸುಮ್ಮನಿರುತ್ತಾರೆ, ನೋಡುವವನೂ ಹಳ್ಳಕ್ಕೆ ಬೀಳಲಿ ಅಂತ.

ಮೈಸೂರಿನಲ್ಲಿ ಕೂತು ಬಾಯಿಮಾತಿನ ಪಾಠವನ್ನು ಹಗುರ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಎಂ. ಹಿರಿಯಣ್ಣನವರು ಭಾರತೀಯ ತತ್ವಶಾಸ್ತ್ರದ ಮೇಲೆ 1932ರಲ್ಲಿ ಪ್ರಕಟಿಸಿದ ಹೆಸರಾಂತ ಗ್ರಂಥ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಹೇಳಿದ ಪಾಠಗಳಿಂದ ಬೆಳೆದದ್ದು. ಅದು ಇಂಗ್ಲಿಷಿನಲ್ಲಿ ಬಂತೆನ್ನುವುದು ನನ್ನ ಹಳೆಯ ಕೊರಗು. ಗ್ರೀಕ್ ನಾಟಕವನ್ನು ಕನ್ನಡಕ್ಕೆ ತರಲಾದರೆ ಬಿ.ಎಂ.ಶ್ರೀ ಸಿಕ್ಕರು. ಗ್ರೀಕ್ ತತ್ವಕ್ಕೆ ನಾವು ಕಂಡದ್ದು ನೋಟ್ಸು. ನಾನು ಓದಿದ ಕಾಲೇಜಿನಲ್ಲಿ, ಹೆಸರು ಬೇಡ, ಹಳದಿಗಟ್ಟಿದ ಹಾಳೆ ನೋಡಿ ಬರೆಸುತ್ತಿದ್ದರು: 'ಥೇಲ್ಸನು ಮೂಲವಸ್ತು ಜಲವೆಂದನು. ಅನಾಕ್ಸಿಮಿನೀಸನು ವಾಯುವೆಂದನು.' ಯಾಕೆ ಹಾಗೆಂದನು ಎಂದು ಎದ್ದು ಕೇಳಿದ ಹುಡುಗನಿಗೆ 'ಪರೀಕ್ಷೆಗೆ ಬರಲ್ಲ, ಕೂತ್ಕೊ' ಎಂಬ ಉತ್ತರ.

ಪುಸ್ತಕ ಓದಲಿ ಎನ್ನುತ್ತೀರಿ. ಯಾವ ಪುಸ್ತಕ, ಎಲ್ಲಿಂದ? ಮನೆ ಕಂದಾಯದ ಮೇಲೆ ಶೇ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಎಫ್‌ಡಿಎ, ಪಿಎಸ್‌ಐ ಗೈಡುಗಳು ಗೋಡೆಯೆತ್ತರ ನಿಂತಿವೆ. ಪ್ಲೇಟೋ ಇದೆಯಾ ಅಂದದ್ದಕ್ಕೆ ಅಲ್ಲಿದ್ದವರು 'ಯಾವ ಪೋಸ್ಟಿಗೆ ಸಾರ್?' ಅಂದರು. ಈ ಊರಿನಲ್ಲಿ ಹುಡುಗನೊಬ್ಬ ಸಾಕ್ರಟೀಸನನ್ನು ತಾನಾಗಿ ಹುಡುಕಿಕೊಂಡು ಹೋದನಲ್ಲ, ಅವನ ಬೆನ್ನು ತಟ್ಟುವುದು ಬಿಟ್ಟು ನನಗೆ ದೂರು ಬರೆಯುತ್ತೀರಾ?

ಅವನು ನೋಡುವುದೆಲ್ಲ ಇಂಗ್ಲಿಷಿನದು ಎನ್ನುವುದಕ್ಕೆ ಮಾತ್ರ ನನಗೂ ಹೊಟ್ಟೆ ಉರಿಯುತ್ತದೆ. ಅದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ ಮೇಷ್ಟ್ರೇ. ಸರ್ವೀಸೆಲ್ಲ ಕರಿಹಲಗೆಯ ಮೇಲೆ ಕರ್ಣ ಎಳೆದವರು ನೀವು. ಆ ಚೌಕವನ್ನು ನಿಮ್ಮ ಮಂಡ್ಯದ ಮಾತಿನಲ್ಲೇ ಹೇಳಿ, ಮೊಮ್ಮಗ ಫೋನು ಹಿಡಿದುಕೊಳ್ಳಲಿ. ಹತ್ತು ನಿಮಿಷ ಸಾಕು, ಹಿಂದೆ ಸಂಗೀತ ಬೇಡ.

— ಸಂಪಾದಕ