‘ಸರ್ವಾಧಿಕಾರಿಗಳ ಉದಯ’ ಲೇಖನದ ಕುರಿತು

ಮಾನ್ಯರೇ,

ಇಟಲಿ, ಜರ್ಮನಿ, ರಷ್ಯಾಗಳಲ್ಲಿ ಸರ್ವಾಧಿಕಾರ ಬೇರೂರಿದ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ನಿಮ್ಮ ಕಳಕಳಿ ನಿಜವಾದದ್ದು, ಆದರೆ ಲೇಖನವನ್ನು ಈಗಿರುವಂತೆಯೇ ಪ್ರಕಟಿಸಲಾರೆವು.

‘1922ರಲ್ಲಿ ಮುಸೊಲಿನಿ ತನ್ನ ಪಡೆಯೊಡನೆ ರೋಮ್‌ಗೆ ನುಗ್ಗಿ ಅಧಿಕಾರ ಕಸಿದುಕೊಂಡ’ ಎಂದು ಬರೆದಿದ್ದೀರಿ. ಇದು ಮುಸೊಲಿನಿಯ ಪಕ್ಷದವರಾದ ಫ್ಯಾಸಿಸ್ಟರೇ ಹಬ್ಬಿಸಿದ ಕಥೆ. ಅದನ್ನು ನೀವು ಪುನರುಚ್ಚರಿಸುವುದು ನನಗೆ ಸಮ್ಮತವಲ್ಲ. ಫ್ಯಾಸಿಸ್ಟರ ಕರಿ ಅಂಗಿಯ ದಳಗಳು ರೋಮ್‌ನ ಹೊರವಲಯದಲ್ಲಿ ಸರಿಯಾದ ಆಯುಧಗಳೂ ಇಲ್ಲದೆ ಮಳೆಯಲ್ಲಿ ನೆನೆಯುತ್ತಿದ್ದಾಗ ಮುಸೊಲಿನಿ ದೂರದ ಮಿಲಾನ್‌ನಲ್ಲಿದ್ದ. ಅವರನ್ನು ತಡೆಯಲು ಪ್ರಧಾನಿ ಫಾಕ್ತಾ ಸಿದ್ಧಪಡಿಸಿದ್ದ ಸೇನಾಡಳಿತದ ಆದೇಶಕ್ಕೆ ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಅಕ್ಟೋಬರ್ 28ರ ಬೆಳಿಗ್ಗೆ ಸಹಿ ಹಾಕಲು ನಿರಾಕರಿಸಿದ. 30ರಂದು ಮುಸೊಲಿನಿ ರೈಲಿನಲ್ಲಿ ಬಂದಿಳಿದದ್ದು ದೊರೆಯ ಕರೆಯ ಮೇಲೆ. ಅವನ ದಳಗಳು ನಗರದಲ್ಲಿ ಮೆರವಣಿಗೆ ನಡೆಸಿದ್ದು ಅವನು ಪ್ರಧಾನಿಯಾದ ನಂತರ.

ನಿಮ್ಮ ಲೇಖನದಲ್ಲಿ ಕಾಣೆಯಾಗಿರುವವರು ಹೀಗೆ ಬಾಗಿಲು ತೆರೆದವರೇ. 1921ರ ಚುನಾವಣೆಯಲ್ಲಿ ಫ್ಯಾಸಿಸ್ಟರನ್ನು ಪಳಗಿಸಬಹುದೆಂದು ನಂಬಿ ತನ್ನ ಕೂಟದ ಪಟ್ಟಿಗೆ ಸೇರಿಸಿಕೊಂಡವನು ಹಿರಿಯ ಉದಾರವಾದಿ ಜೊಲಿತ್ತಿ. ಆಗ ಫ್ಯಾಸಿಸ್ಟರು ಗೆದ್ದದ್ದು 535ರಲ್ಲಿ ಕೇವಲ 35 ಸ್ಥಾನ. ಉತ್ತರ ಇಟಲಿಯ ಪೋ ಕಣಿವೆಯಲ್ಲಿ ಕೃಷಿಕಾರ್ಮಿಕರ ಸಂಘಗಳನ್ನು ಮುರಿಯಲು ಅವರಿಗೆ ಹಣ ಕೊಟ್ಟವರು ಅಲ್ಲಿನ ಭೂಮಾಲೀಕರು. ಇವರ ಲೆಕ್ಕಾಚಾರವನ್ನು ಹೇಳದೆ ‘ಜನ ಭಾಷಣಕ್ಕೆ ಮರುಳಾದರು’ ಎಂದರೆ ತಪ್ಪನ್ನೆಲ್ಲ ಬಡಜನರ ತಲೆಗೆ ಕಟ್ಟಿದಂತಾಗುತ್ತದೆ.

ಪುಟಪುಟಕ್ಕೂ ‘ರಕ್ತಪಿಪಾಸು’, ‘ನರರಾಕ್ಷಸ’ ಎಂಬ ಪದಗಳಿವೆ, ಆದರೆ ಮತ್ತೆಯೊತ್ತಿಯ ಕೊಲೆಗೆ ಸಿಕ್ಕಿರುವುದು ಒಂದೇ ಸಾಲು. 1924ರ ಮೇ 30ರಂದು ಆ ಸಮಾಜವಾದಿ ಸಂಸದ ಆ ವರ್ಷದ ಚುನಾವಣೆಯ ಹಿಂಸೆ ಮತ್ತು ಅಕ್ರಮಗಳನ್ನು ಸದನದಲ್ಲಿಯೇ ಬಯಲಿಗೆಳೆದ; ಜೂನ್ 10ರಂದು ಅವನನ್ನು ಅಪಹರಿಸಿ ಕೊಂದರು. ವಿರೋಧ ಪಕ್ಷಗಳು ಸದನದಿಂದ ಹೊರನಡೆದು ದೊರೆಯ ಮಧ್ಯಪ್ರವೇಶಕ್ಕಾಗಿ ಕಾದವು; ದೊರೆ ಕದಲಲಿಲ್ಲ. 1925ರ ಜನವರಿ 3ರಂದು ಮುಸೊಲಿನಿ ನಡೆದದ್ದಕ್ಕೆಲ್ಲ ತಾನೇ ಹೊಣೆಯೆಂದು ಅದೇ ಸದನದಲ್ಲಿ ಸಾರಿದರೂ ಅವನನ್ನು ಯಾರೂ ಇಳಿಸಲಿಲ್ಲ. 1926ರ ಅಂತ್ಯದೊಳಗೆ ಇತರ ಪಕ್ಷಗಳೇ ನಿಷೇಧಗೊಂಡವು. ಕೊಲೆಯಿಂದ ಜನವರಿಯ ಆ ಭಾಷಣದವರೆಗಿನ ಸುಮಾರು ಏಳು ತಿಂಗಳುಗಳನ್ನು ಬಿಡಿಸಿ ಬರೆದರೆ ವಿಶೇಷಣಗಳ ಅಗತ್ಯವೇ ಬೀಳದು.

ಜರ್ಮನಿಯನ್ನು ಸದ್ಯಕ್ಕೆ ಬಿಡಿ. 1933ರಲ್ಲಿ ಅಲ್ಲಿನ ಅಧ್ಯಕ್ಷ ಹಿಂಡೆನ್‌ಬರ್ಗ್ ಹಿಟ್ಲರ್‌ನನ್ನು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆಗಿ ನೇಮಿಸಿದ್ದಕ್ಕೂ ದೊರೆ ಮುಸೊಲಿನಿಯನ್ನು ಕರೆದದ್ದಕ್ಕೂ ಹೋಲಿಕೆಯಿದೆ, ಅದಕ್ಕೆ ಒಂದು ಪ್ಯಾರಾ ಸಾಕು. ಕ್ರಾಂತಿ ಮತ್ತು ಅಂತರ್ಯುದ್ಧದಿಂದ ಹುಟ್ಟಿದ ರಷ್ಯಾದ ಏಕಪಕ್ಷ ಆಡಳಿತ ಬೇರೆಯದೇ ಜಾಡಿನದು, ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು. ಇಟಲಿಯೊಂದನ್ನೇ ಹಿಡಿದು ತಿದ್ದಿ ಬರೆದು ಕಳುಹಿಸಿ. ಪುಟಗಳು ಹೆಚ್ಚಾದರೂ ಅಡ್ಡಿಯಿಲ್ಲ.

ಸಂಪಾದಕ